ಡಬ್ಬಿ ತೆರೆದ ಮೇಲಿನ ತಪಾಸಣೆ

ಬೆಂಗಳೂರಿನ ಉತ್ತರಹಳ್ಳಿಯ ಒಂದು ಮನೆಯ ಮಹಡಿ ಕೋಣೆ. ಎಂಟಡಿ ಪ್ಲೈವುಡ್ ಹಲಗೆಯ ಮೇಲೆ ಎಚ್‌ಒ ಅಳತೆಯ ಮಾದರಿ ರೈಲಿನ ಹಳಿ. ಅವಳು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದವಳು. ಅಣ್ಣ ಜರ್ಮನಿಯಲ್ಲಿ ಕೊಂಡು ತಂದ ಹೊಸ ಮಾದರಿ ಇಂಜಿನ್ ಮುಂದಿಟ್ಟುಕೊಂಡಿದ್ದಾಳೆ. ಅವರು ಎದುರು ಮನೆಯ ಹಿರಿಯರು. ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯಲ್ಲಿ ಗೇರುಗಳ ತಪಾಸಣೆ ಮಾಡಿ ನಿವೃತ್ತರಾದವರು.

ಅವಳು: ಅಂಕಲ್, ಇದು ಓಡುತ್ತೆ, ಆದರೆ ಕುಂಟುತ್ತೆ. ನಿಧಾನವಾಗಿ ಬಿಟ್ಟರೆ ಒಂದೇ ಲಯದಲ್ಲಿ ಟಿಕ್ ಟಿಕ್ ಅನ್ನುತ್ತೆ. ಹಳಿ ಕವಲೊಡೆಯುವ ಪಾಯಿಂಟ್ ಮೇಲೆ ಬಂದಾಗ ನಿಂತೇಬಿಡುತ್ತೆ, ಬೆರಳಲ್ಲಿ ತಳ್ಳಬೇಕು. ಮುಂಭಾಗದ ಕೈಗಂಬಿಯಂತೂ ಡಬ್ಬಿಯೊಳಗೇ ಮುರಿದು ಬಿದ್ದಿತ್ತು. ಇಷ್ಟು ದುಡ್ಡು ಕೊಟ್ಟು ತಂದ ಹೊಸ ಮಾಲು ಹೀಗಿರಬಹುದಾ?

ಅವರು: ಇರಬಾರದು. ಆದರೆ ನೀನು ಹೇಳಿದ್ದು ಮೂರು ದೂರು. ಮೂರಕ್ಕೂ ಒಬ್ಬರೇ ಹೊಣೆ ಅಂತ ಈಗಲೇ ತೀರ್ಮಾನ ಮಾಡಬೇಡ. ಡಬ್ಬಿ ತೆಗೆದ ಮೇಲೆ ಏನು ಮಾಡಿದೆ?

ಅವಳು: ಎತ್ತಿ ಹಳಿ ಮೇಲಿಟ್ಟು ಕಂಟ್ರೋಲರ್ ತಿರುಗಿಸಿದೆ. ಇನ್ನೇನು ಮಾಡಬೇಕಿತ್ತು?

ಅವರು: ನಮ್ಮ ಕಾರ್ಖಾನೆಗೆ ಹೊರಗಿನಿಂದ ಬಂದ ಮಾಲು ನೇರವಾಗಿ ಅಸೆಂಬ್ಲಿ ಮೇಜಿಗೆ ಹೋಗುತ್ತಿರಲಿಲ್ಲ. ಇನ್‌ವರ್ಡ್ ಇನ್‌ಸ್ಪೆಕ್ಷನ್ ಅಂತ ಇತ್ತು. ಅಲ್ಲಿ ಅಳೆಯಬೇಕು, ಪುಸ್ತಕದಲ್ಲಿ ಬರೆಯಬೇಕು, ಪಾಸಾದದ್ದು ಮಾತ್ರ ಒಳಗೆ. ಗೇರನ್ನು ಪ್ರೊಫೈಲ್ ಪ್ರೊಜೆಕ್ಟರ್ ಮೇಲಿಟ್ಟು, ಅದರ ನೆರಳನ್ನು ಎಷ್ಟೋ ಪಟ್ಟು ಹಿಗ್ಗಿಸಿ, ಹಲ್ಲಿನ ಅಂಚು ಗೆರೆಯೊಳಗೆ ಕೂರುತ್ತಾ ಅಂತ ನೋಡುತ್ತಿದ್ದೆವು. ಈ ಇಂಜಿನ್ನಿನ ಹೊಟ್ಟೆಯಲ್ಲಿರೋದೂ ಸಣ್ಣ ಗೇರುಗಳೇ. ಹೊಸ ಇಂಜಿನ್ ಮನೆಗೆ ಬಂದಾಗ ಆ ತಪಾಸಣೆ ನಿನ್ನ ಮೇಜಿನ ಮೇಲೆ ಆಗಬೇಕು.

ಅವಳು: ಇದನ್ನು ನಾನು ಒಪ್ಪಲ್ಲ ಅಂಕಲ್. ತಪಾಸಣೆ ಅವರ ಕೆಲಸ, ನಾನು ಗಿರಾಕಿ. ನಮ್ಮ ಕಡೆ ಸಾಫ್ಟ್‌ವೇರಿನಲ್ಲೂ ಮೊದಲು ಬಿಡುಗಡೆ, ಆಮೇಲೆ ರಿಪೇರಿ ಅನ್ನೋ ಅಭ್ಯಾಸ ಬಂದುಬಿಟ್ಟಿದೆ. ಅಲ್ಲಾದರೆ ರಾತ್ರೋರಾತ್ರಿ ಪ್ಯಾಚ್ ಕಳಿಸಬಹುದು. ಬಿರುಕು ಬಿಟ್ಟ ಗೇರಿಗೆ ಪ್ಯಾಚ್ ಎಲ್ಲಿಂದ ಬರುತ್ತೆ?

ಅವರು: ನಿನ್ನ ಮಾತು ಸರಿ, ನಾನು ತಯಾರಕರ ಪರ ವಾದಿಸುತ್ತಿಲ್ಲ. ಹೀಗೆ ಯಾಕಾಯಿತು ಅಂತ ತಿಳಿದುಕೊಂಡರೆ ನಿನ್ನ ದೂರಿಗೇ ಬಲ ಬರುತ್ತೆ. 1920ರಲ್ಲಿ ಇಂಗ್ಲೆಂಡಿನಲ್ಲಿ ಹಾರ್ನ್‌ಬಿ ಹೆಸರಿನಲ್ಲಿ ಬಂದ ಮೊದಲ ರೈಲುಗಳು ತಗಡಿನವು, ಕೀಲಿ ಕೊಟ್ಟು ಓಡಿಸುವಂಥವು. ಮಕ್ಕಳು ನೆಲದ ಮೇಲೆ ಬೀಳಿಸಿದರೂ ತಡೆಯುತ್ತಿದ್ದವು. ಈಗಿನ ಮಾದರಿಯಲ್ಲಿ ನೂರಾರು ಬಿಡಿಭಾಗ. ತಲೆಗೂದಲಿಗಿಂತ ಸ್ವಲ್ಪ ದಪ್ಪದ ಕೈಗಂಬಿ, ಒಂದೊಂದೇ ಅಂಟಿಸಿದ ವೈಪರ್, ಭೂತಗನ್ನಡಿಯಲ್ಲಿ ಓದಬಹುದಾದ ಅಕ್ಷರ. ಬಹುಪಾಲು ಕೈಯಿಂದಲೇ ಜೋಡಿಸಬೇಕು. 1990ರ ದಶಕದಿಂದ ಯುರೋಪಿನ ಹಲವು ಹೆಸರುಗಳು ತಯಾರಿಕೆಯನ್ನು ಚೀನಾಕ್ಕೆ ಒಯ್ದವು. ವಿನ್ಯಾಸ ಒಂದು ದೇಶದಲ್ಲಿ, ಜೋಡಣೆ ಇನ್ನೊಂದರಲ್ಲಿ. ಒಂದು ಮಾದರಿಯನ್ನು ಒಂದಿಷ್ಟು ಸಾವಿರ ಮಾಡಿ ಅಚ್ಚು ಎತ್ತಿಟ್ಟು ಮುಂದಿನದಕ್ಕೆ ಹೋಗುತ್ತಾರೆ. ಕೆಲಸಗಾರರ ಕೈ ಆ ಮಾದರಿಗೆ ಪಳಗುವ ಹೊತ್ತಿಗೆ ಆ ಮಾದರಿಯೇ ಮುಗಿದಿರುತ್ತೆ.

ಅವಳು: ಗಿರಾಕಿಗಳೂ ಫೋಟೋ ನೋಡಿ ಕೊಳ್ಳುತ್ತಾರೆ. ಫೋಟೋದಲ್ಲಿ ಕೈಗಂಬಿ ಕಾಣುತ್ತೆ, ಗೇರ್ ಕಾಣಲ್ಲ.

ಅವರು: ಅದೇ ಮೂಲ ವಿಷಯ ಕಣಮ್ಮ. ಕಣ್ಣಿಗೆ ಕಾಣುವ ಭಾಗಕ್ಕೆ ಖರ್ಚು ಏರುತ್ತಾ ಹೋಯಿತು, ಕಾಣದ ಭಾಗಕ್ಕೆ ಗಮನ ಕಡಿಮೆಯಾಯಿತು. ಇಂಜಿನ್ ಅಂದರೆ ಮೊದಲು ಯಂತ್ರ. ಕಪಾಟಿನಲ್ಲಿ ನಿಲ್ಲಿಸೋಕೆ ಬೊಂಬೆ ಸಾಕು. ಬಾ, ಮೊದಲ ದೂರನ್ನು ನೋಡೋಣ. ಒಂದು ಗಾಜಿನ ಹಾಳೆ ಕೊಡು. ಗಾಜು ಹಲಗೆಗಿಂತ ಸಮತಟ್ಟು; ನಮ್ಮಲ್ಲಿ ಗ್ರಾನೈಟ್ ಸರ್ಫೇಸ್ ಪ್ಲೇಟ್ ಮೇಲೆ ಇಡುತ್ತಿದ್ದೆವು. ಪ್ರತಿ ಗಾಲಿಯ ಕೆಳಗೂ ತೆಳು ಕಾಗದದ ಚೂರು ತೂರಿಸಿ ನೋಡು.

ಅವಳು: ಎರಡೂ ಬೋಗಿಗಳಲ್ಲಿ ಮಧ್ಯದ ಅಚ್ಚಿನ ಗಾಲಿಗಳ ಕೆಳಗೆ ಸಲೀಸಾಗಿ ತೂರುತ್ತೆ. ಉಳಿದವು ಕಾಗದವನ್ನು ಒತ್ತಿ ಹಿಡಿಯುತ್ತಿವೆ.

ಅವರು: ಗಾಲಿಗಳನ್ನು ಹಿಡಿದಿರುವ ಒಂದೊಂದು ಬೋಗಿಗೆ ಮೂರು ಅಚ್ಚಿದ್ದಾಗ ತಿರುವಿನಲ್ಲಿ ಸಿಕ್ಕಿಕೊಳ್ಳದಿರಲಿ ಅಂತ ಮಧ್ಯದ್ದನ್ನು ಸ್ವಲ್ಪ ಸಡಿಲ ಬಿಟ್ಟಿರುತ್ತಾರೆ. ಅದು ದೋಷ ಅಲ್ಲ. ಈಗ ಹಳಿ ಮೇಲೆ ನಿಧಾನವಾಗಿ ಓಡಿಸು. ಪ್ರತಿ ಟಿಕ್ ಕೇಳಿದಾಗಲೂ ಹಲಗೆ ಮೇಲೆ ಪೆನ್ಸಿಲ್ ಗುರುತು ಹಾಕು.

ಅವಳು: ಗುರುತುಗಳ ನಡುವೆ ನಾಲ್ಕು ಸೆಂಟಿಮೀಟರಿಗೆ ಚೂರು ಕಡಿಮೆ ಬರುತ್ತಿದೆ. ಹಿಂದೆ ಓಡಿಸಿದರೂ ಅಷ್ಟೇ.

ಅವರು: ಗಾಲಿಯ ವ್ಯಾಸ 12 ಮಿ.ಮೀ. ಅಂದರೆ ಒಂದು ಸುತ್ತಿಗೆ ಸುಮಾರು 38 ಮಿ.ಮೀ. ದೂರ. ಟಿಕ್ ಅನ್ನೋದು ಗಾಲಿಯ ಒಂದು ಸುತ್ತಿಗೆ ಒಂದು ಸಲ. ಮೋಟಾರ್ ಇಷ್ಟು ಹೊತ್ತಿಗೆ ಎಷ್ಟೋ ಸುತ್ತು ಹಾಕಿರುತ್ತೆ. ಅದರ ದೋಷವಾಗಿದ್ದರೆ ಸದ್ದು ಇನ್ನೂ ಬೇಗ ಬೇಗ ಬರುತ್ತಿತ್ತು. ಹಾಗಾಗಿ ಇದು ಅಚ್ಚಿನ ಮೇಲಿರುವ ಗೇರಿನ ತೊಂದರೆ. ಒಂದೋ ಹಲ್ಲಿನ ನಡುವೆ ಕಸ ಕೂತಿದೆ, ಇಲ್ಲ ಗೇರೇ ಬಿರುಕು ಬಿಟ್ಟಿದೆ. ಉಕ್ಕಿನ ಅಚ್ಚಿನ ಮೇಲೆ ಪ್ಲಾಸ್ಟಿಕ್ ಗೇರನ್ನು ಬಿಗಿಯಾಗಿ ಒತ್ತಿ ಕೂರಿಸಿರುತ್ತಾರೆ. ಬಿಗಿ ಹೆಚ್ಚಾದರೆ ಕಾಲಕ್ರಮೇಣ ಪ್ಲಾಸ್ಟಿಕ್ ಸೀಳುತ್ತೆ. ಸೀಳು ಬಂದ ಕಡೆ ಎರಡು ಹಲ್ಲುಗಳ ಅಂತರ ಹೆಚ್ಚಾಗುತ್ತೆ, ಪ್ರತಿ ಸುತ್ತಿಗೂ ಅಲ್ಲೇ ಎಡವುತ್ತೆ. ಮೆತ್ತನೆ ಬಟ್ಟೆಯ ಮೇಲೆ ಮಗುಚಿ ಹಾಕಿ, ನನ್ನ ಭೂತಗನ್ನಡಿಯಲ್ಲಿ ನೋಡು.

ಅವಳು: ಕಸ ಏನೂ ಇಲ್ಲ. ಆದರೆ ಎರಡನೇ ಬೋಗಿಯ ಕೊನೆಯ ಗೇರಿನಲ್ಲಿ ಕೂದಲೆಳೆಯಷ್ಟು ಗೆರೆ ಕಾಣುತ್ತಿದೆ.

ಅವರು: ಫೋಟೋ ತೆಗಿ. ಇದಕ್ಕೆ ನಿನ್ನ ಕೈ ಕಾರಣ ಅಲ್ಲ. ಬಿಚ್ಚಬೇಡ, ಅಂಟು ಹಾಕಬೇಡ.

ಅವಳು: ಅಂಟು ಹಾಕಿ ಸರಿಮಾಡಬಹುದು ಅಂತ ಎಷ್ಟೋ ಜನ ಹೇಳುತ್ತಾರಲ್ಲ?

ಅವರು: ಅದು ಗಟ್ಟಿಯಾಗಿ ನಿಲ್ಲಲ್ಲ. ಅದಕ್ಕಿಂತ ಮುಖ್ಯವಾಗಿ, ನೀನು ಬಿಚ್ಚಿದ ಕ್ಷಣ ಅವರ ತಪ್ಪೂ ನಿನ್ನ ಕೈಯೂ ಬೆರೆತುಹೋಗುತ್ತೆ. ಅಣ್ಣ ಅಲ್ಲಿನ ಅಂಗಡಿಯಲ್ಲೇ ಕೊಂಡಿದ್ದಾನಲ್ಲವಾ? ಯುರೋಪಿನ ಒಕ್ಕೂಟದ ಕಾನೂನಿನಲ್ಲಿ ಹೊಸ ವಸ್ತುವಿನ ದೋಷಕ್ಕೆ ಮಾರಿದವರು ಎರಡು ವರ್ಷ ಹೊಣೆ. ಜರ್ಮನಿಯಲ್ಲಿ 2022ರಿಂದ, ಮೊದಲ ಒಂದು ವರ್ಷದೊಳಗೆ ದೋಷ ಕಂಡರೆ ಅದು ಕೊಡುವಾಗಲೇ ಇತ್ತು ಅಂತ ಕಾನೂನೇ ಭಾವಿಸುತ್ತೆ. ಇರಲಿಲ್ಲ ಅಂತ ತೋರಿಸೋ ಭಾರ ಅಂಗಡಿಯವರದ್ದು. ಇಲ್ಲಿ ಕೊಂಡವರಿಗೆ 2020ರ ಜುಲೈನಿಂದ ಜಾರಿಯಲ್ಲಿರುವ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಡಬ್ಬಿ ತೆರೆಯುವಾಗಿನಿಂದ ವಿಡಿಯೋ ಮಾಡಿಟ್ಟುಕೊಂಡವರ ಮಾತಿಗೆ ತೂಕ ಹೆಚ್ಚು.

ಅವಳು: ಅಣ್ಣ ಮುಂದಿನ ತಿಂಗಳು ವಾಪಸ್ ಹೋಗುತ್ತಾನೆ, ಅವನ ಕೈಲೇ ಕಳಿಸಬಹುದು. ಅಣ್ಣ ಇಲ್ಲದವರು ಏನು ಮಾಡಬೇಕು? ವಿದೇಶದಿಂದ ತರಿಸಿದವರು ದೋಷ ಕಂಡರೂ ಸುಮ್ಮನಿರೋದು ಅದಕ್ಕೇ. ಆಟಿಕೆ, ಮಾದರಿಗಳ ಆಮದು ಸುಂಕ 2020ರ ಬಜೆಟ್ಟಿನಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಸುಂಕ ಕಟ್ಟಿ ಬಿಡಿಸಿಕೊಂಡದ್ದನ್ನು ಮತ್ತೆ ಹೊರದೇಶಕ್ಕೆ ಕಳಿಸಿ, ಬದಲಿಗೆ ಬಂದದ್ದಕ್ಕೆ ಮತ್ತೆ ಕಸ್ಟಮ್ಸ್‌ಗೆ ಉತ್ತರ ಕೊಡುತ್ತಾ ಕೂರೋದು ಯಾರಿಗೆ ಬೇಕು?

ಅವರು: ಅಂಥವರು ಇಡೀ ಇಂಜಿನ್ ಕಳಿಸಬೇಕಾಗಿಲ್ಲ, ಆ ಗೇರು ಕೂತ ಅಚ್ಚೊಂದನ್ನು ಅಂಚೆಯಲ್ಲಿ ಕಳಿಸಿಕೊಡಿ ಅಂತ ಕೇಳಬೇಕು. ಬಿಡಿಭಾಗದ ಪಟ್ಟಿ, ನಂಬರ್ ಇರುವ ನಕಾಶೆ ಕೊಡುವ ತಯಾರಕರನ್ನೇ ಮೊದಲಿಂದ ಹುಡುಕಬೇಕು. ನಮ್ಮ ಗಡಿಯಾರವನ್ನೇ ನೋಡು. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಎಚ್‌ಎಂಟಿ ಬೆಂಗಳೂರಿನಲ್ಲಿ ಗಡಿಯಾರ ಮಾಡೋಕೆ ಶುರು ಮಾಡಿತು. 2016ರಲ್ಲಿ ಗಡಿಯಾರದ ಕಂಪನಿಯನ್ನು ಮುಚ್ಚುವ ತೀರ್ಮಾನವಾಯಿತು. ಆದರೂ ‘ಜನತಾ’ ಗಡಿಯಾರ ಇಂದಿಗೂ ಜನರ ಕೈಯಲ್ಲಿ ಓಡುತ್ತಿದೆ. ಯಾಕೆ? ರಿಪೇರಿಯವರು ಬಿಚ್ಚಬಹುದು, ಒಂದರ ಭಾಗ ಇನ್ನೊಂದಕ್ಕೆ ಕೂರುತ್ತೆ. ಗುಣಮಟ್ಟ ಅಂದರೆ ಕೆಡದೇ ಇರೋದು ಅಷ್ಟೇ ಅಲ್ಲ, ಕೆಟ್ಟಾಗ ಸರಿಮಾಡೋಕೆ ಬರೋದೂ ಗುಣಮಟ್ಟವೇ.

ಅವಳು: ಸರಿ. ಪಾಯಿಂಟ್ ಮೇಲೆ ನಿಲ್ಲೋದು?

ಅವರು: ಇಂಜಿನ್ನಿಗೆ ಕರೆಂಟ್ ಬರೋದು ಹಳಿಯಿಂದ ಗಾಲಿಗೆ, ಗಾಲಿಯ ಬೆನ್ನಿಗೆ ತಾಗಿಕೊಂಡಿರುವ ತೆಳು ಲೋಹದ ಪಟ್ಟಿಗೆ, ಅಲ್ಲಿಂದ ಮೋಟಾರಿಗೆ. ಹಲವು ಪಾಯಿಂಟುಗಳ ನಡುವೆ ಕರೆಂಟ್ ಇಲ್ಲದ ಪ್ಲಾಸ್ಟಿಕ್ ತುಂಡು ಇರುತ್ತೆ. ಆಗ ಉಳಿದ ಗಾಲಿಗಳು ಕರೆಂಟ್ ಎಳೆದುಕೊಳ್ಳಬೇಕು. ಮಗುಚಿ ಹಾಕಿಯೇ ಇದೆಯಲ್ಲ, ಎರಡು ವೈರ್ ತಗೊಂಡು ಒಂದೊಂದೇ ಜೋಡಿ ಗಾಲಿಗೆ ಮುಟ್ಟಿಸು. ಯಾವ ಜೋಡಿ ಮುಟ್ಟಿದಾಗ ಮೋಟಾರ್ ತಿರುಗಲ್ಲ, ಬರೆದುಕೋ.

ಅವಳು: ರಬ್ಬರ್ ಬಳೆ ಹಾಕಿರುವ ಜೋಡಿಯಲ್ಲಿ ತಿರುಗಲ್ಲ. ಉಳಿದೆಲ್ಲದರಲ್ಲೂ ತಿರುಗುತ್ತೆ.

ಅವರು: ರಬ್ಬರಿನ ಮೂಲಕ ಕರೆಂಟ್ ಹರಿಯಲ್ಲ. ಹೆಚ್ಚು ಕೋಚ್ ಎಳೆಯಲಿ ಅಂತ ರಬ್ಬರ್ ಹಾಕುತ್ತಾರೆ, ಅಷ್ಟು ಗಾಲಿ ಕರೆಂಟಿಗೆ ನಷ್ಟ. ಇದು ರಾಜಿ, ದೋಷ ಅಲ್ಲ. ದೋಷ ಮತ್ತು ರಾಜಿಯ ವ್ಯತ್ಯಾಸ ಗೊತ್ತಿಲ್ಲದ ದೂರು ನಿಲ್ಲಲ್ಲ. ತೂಕದ ಉದಾಹರಣೆ ತಗೋ. ನಮ್ಮ ರೈಲ್ವೆಯ ಡಬ್ಲ್ಯುಎಪಿ-7 ಎಲೆಕ್ಟ್ರಿಕ್ ಇಂಜಿನ್ 123 ಟನ್. ಎಚ್‌ಒ ಅಂದರೆ 87ರಲ್ಲಿ ಒಂದು ಪಾಲು. ಉದ್ದ, ಅಗಲ, ಎತ್ತರ ಮೂರೂ 87 ಪಟ್ಟು ಇಳಿಯೋದರಿಂದ ತೂಕವನ್ನು ಮೂರು ಸಲ 87ರಿಂದ ಭಾಗಿಸಬೇಕು. ಸಿಗೋದು ಸುಮಾರು 187 ಗ್ರಾಂ. ಅಷ್ಟೇ ತೂಕದಲ್ಲಿ ಮಾಡಿದರೆ ಹಳಿಯ ಹಿಡಿತ ಸಾಲದೆ ಗಾಲಿ ಜಾರುತ್ತೆ. ಅದಕ್ಕೇ ಒಳಗೆ ಲೋಹ ತುಂಬಿ ಅದರ ಎರಡು ಪಟ್ಟಿನ ಆಸುಪಾಸಿಗೆ ತರುತ್ತಾರೆ.

ಅವಳು: ಹಳಿಯ ಅಗಲದಲ್ಲೂ ಹಾಗೇ ಅಲ್ವಾ? ಎಚ್‌ಒ ಹಳಿ 16.5 ಮಿ.ಮೀ. ಅದು ಯುರೋಪಿನ 1435 ಮಿ.ಮೀ. ಗೇಜಿಗೆ ಸರಿಹೊಂದುತ್ತೆ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ., ಲೆಕ್ಕದ ಪ್ರಕಾರ 19.26 ಬರಬೇಕು. ನಮ್ಮ ಇಂಜಿನ್ನಿನ ಮಾದರಿಯನ್ನು 16.5ರ ಹಳಿ ಮೇಲೆ ನಿಲ್ಲಿಸಿದಾಗ ಮೈ ಅಗಲ, ಕಾಲು ಹತ್ತಿರ ಅನಿಸುತ್ತೆ.

ಅವರು: ಹೌದು, ಗೊತ್ತಿದ್ದೇ ಮಾಡಿಕೊಂಡ ರಾಜಿ ಅದು. ನಮ್ಮ ಉತ್ತರಹಳ್ಳಿ–ಕೆಂಗೇರಿ ರಸ್ತೆಯ ಆ ತುದಿಯಲ್ಲಿ ಹಾದುಹೋಗುವ ಮೈಸೂರು ಮಾರ್ಗ 1990ರ ದಶಕದವರೆಗೂ ಮೀಟರ್ ಗೇಜ್ ಆಗಿತ್ತು. ಆ ಕಾಲದ ರೈಲು ಮಾಡಬೇಕು ಅಂದರೆ 12 ಮಿ.ಮೀ. ಹಳಿ ಸಾಕು, ಅನುಪಾತವೂ ಹೆಚ್ಚುಕಡಿಮೆ ಸರಿ ಬರುತ್ತೆ. ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಹೋಗಿ ಹಳೇ ಮೀಟರ್ ಗೇಜ್ ಇಂಜಿನ್ನುಗಳನ್ನು ಒಮ್ಮೆ ಅಳತೆಯ ಕಣ್ಣಿಂದ ನೋಡು.

ಅವಳು: ಹಾಗಾದರೆ ಉಳಿದೆಲ್ಲ ಗಾಲಿಯಲ್ಲೂ ಕರೆಂಟ್ ಬಂದ ಮೇಲೂ ಪಾಯಿಂಟಿನಲ್ಲಿ ಯಾಕೆ ನಿಲ್ಲುತ್ತೆ?

ಅವರು: ನಿನ್ನ ಹಳಿ ಮೇಲೆ ಬೆರಳು ಎಳೆದು ನೋಡು.

ಅವಳು: ಕಪ್ಪಾಯಿತು.

ಅವರು: ಪಕ್ಕದಲ್ಲೊಂದು ಕಟ್ಟಡ ಏಳುತ್ತಲೇ ಇರುವ ಬಡಾವಣೆ ನಮ್ಮದು. ಆ ಧೂಳು, ಗಾಲಿ-ಹಳಿ ನಡುವೆ ಕಿಡಿ ಹಾರಿ ಕೂರುವ ಕರಿ, ಎಣ್ಣೆಯ ಪಸೆ, ಮೂರೂ ಸೇರಿ ಪದರ ಕಟ್ಟಿದೆ. ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಕೇಳು. ಹತ್ತಿ ಬಟ್ಟೆಗೆ ಸ್ವಲ್ಪ ಹಾಕಿ ಹಳಿ ಒರೆಸು, ಗಾಲಿಯನ್ನೂ ಒರೆಸು. ಇಂಜಿನ್ನಿನ ಬಣ್ಣಕ್ಕೆ, ಅಕ್ಷರಕ್ಕೆ ತಾಗಬಾರದು. ಎಮರಿ ಕಾಗದದಲ್ಲಿ ಉಜ್ಜಲೇಬೇಡ. ಗೀರು ಬಿದ್ದರೆ ಆ ಗೀರಿನಲ್ಲೇ ಕೊಳೆ ಮತ್ತೆ ಕೂರುತ್ತೆ. ಇನ್ನೊಂದು ಅಳತೆ: ಎರಡು ಗಾಲಿಗಳ ಒಳಮುಖದ ನಡುವಿನ ಅಂತರ. ಯಲಹಂಕದ ಗಾಲಿ-ಅಚ್ಚು ಕಾರ್ಖಾನೆ 1984ರಿಂದ ನಿಜವಾದ ರೈಲಿಗೆ ಗಾಲಿ ಮಾಡುತ್ತಿದೆ. ಬ್ರಾಡ್‌ಗೇಜಿನಲ್ಲಿ ಈ ಅಂತರ 1600 ಮಿ.ಮೀ. ಎಚ್‌ಒದಲ್ಲಿ ಸುಮಾರು 14.4 ಮಿ.ಮೀ. ಇದು ಹೆಚ್ಚುಕಡಿಮೆ ಆದರೆ ಪಾಯಿಂಟಿನಲ್ಲಿ ಗಾಲಿ ಹತ್ತಿ ಹಳಿ ತಪ್ಪುತ್ತೆ. ವರ್ನಿಯರ್ ಹಿಡಿದು ಆರೂ ಅಚ್ಚು ನೋಡು.

ಅವಳು: ಆರೂ ಸರಿಯಾಗಿವೆ. ಹಾಗಾದರೆ ಎರಡನೇ ದೂರು ನನ್ನ ಹಳಿಯದ್ದು. ಒರೆಸಿದ ಮೇಲೆ ಗೇರಿಗೆ ಸ್ವಲ್ಪ ಎಣ್ಣೆ ಬಿಡಲಾ? ಮನೆಯಲ್ಲಿ ಕೊಬ್ಬರಿ ಎಣ್ಣೆ ಇದೆ.

ಅವರು: ಬೇಡವೇ ಬೇಡ. ಕೊಬ್ಬರಿ ಎಣ್ಣೆ 24 ಡಿಗ್ರಿ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತೆ. ಡಿಸೆಂಬರ್ ಬಂದರೆ ನಮ್ಮ ಬೆಂಗಳೂರಿನಲ್ಲಿ ಗೇರಿನೊಳಗೆ ಮೇಣದ ಹಾಗೆ ಕೂರುತ್ತೆ. ಪ್ಲಾಸ್ಟಿಕ್ಕಿಗೆ ಹಾನಿ ಮಾಡದ್ದು ಅಂತ ಬರೆದಿರುವ ತೆಳು ಸಿಂಥೆಟಿಕ್ ಎಣ್ಣೆ ಬೇರಿಂಗಿಗೆ, ಅಂಥದೇ ಗ್ರೀಸ್ ಗೇರಿಗೆ. ಸೂಜಿ ಮೊನೆಯಲ್ಲಿ ನಿಲ್ಲುವಷ್ಟು ಸಾಕು. ಹೆಚ್ಚು ಹಾಕಿದ್ದು ಗಾಲಿಗೆ, ಗಾಲಿಯಿಂದ ಹಳಿಗೆ ಬರುತ್ತೆ. ಈಗ ನೀನು ಒರೆಸಬೇಕಾದ ಕೊಳೆ ಅಲ್ಲಿಂದಲೇ ಶುರು. ವಾಪಸ್ ಹೋಗಬೇಕಾದ ಈ ಇಂಜಿನ್ನಿಗಂತೂ ಒಂದು ಹನಿಯೂ ಹಾಕಬೇಡ.

ಅವಳು: ಬದಲಿ ಇಂಜಿನ್ ಬಂದಾಗ ಯಾವ ಕ್ರಮದಲ್ಲಿ ಹೋಗಲಿ?

ಅವರು: ವರ್ಕ್‌ಷಾಪಿನಿಂದ ಹೊರಬಂದ ನಿಜವಾದ ಇಂಜಿನ್ನನ್ನೂ ಕೋಚ್ ಇಲ್ಲದೆ ಓಡಿಸಿ ನೋಡಿಯೇ ಗಾಡಿಗೆ ಕಟ್ಟುತ್ತಾರೆ. ನೀನೂ ಅರ್ಧ ವೇಗದಲ್ಲಿ ಮುಂದಕ್ಕೆ ಅರ್ಧ ಗಂಟೆ, ಹಿಂದಕ್ಕೆ ಅರ್ಧ ಗಂಟೆ ಖಾಲಿ ಓಡಿಸು. ಗೇರು, ಮೋಟಾರಿನ ಬ್ರಷ್ ಹೊಂದಿಕೊಳ್ಳುತ್ತವೆ. ಇಂಜಿನ್ನಿನೊಳಗೆ ಆಜ್ಞೆ ಓದುವ ಡಿಜಿಟಲ್ ಡಿಕೋಡರ್ ಇದ್ದರೆ ಕಾರ್ಖಾನೆಯಿಂದ ಬರುವ ವಿಳಾಸ ಸಾಮಾನ್ಯವಾಗಿ 3. ಏನನ್ನೂ ಬದಲಾಯಿಸದೆ ಆ ವಿಳಾಸದಲ್ಲೇ ಮೊದಲು ಓಡಿಸಿ ನೋಡು. ಇಲ್ಲದಿದ್ದರೆ ತಪ್ಪು ಯಂತ್ರದ್ದೋ, ನಿನ್ನ ಸೆಟ್ಟಿಂಗಿನದ್ದೋ ಗೊತ್ತಾಗಲ್ಲ.

ಅವಳು: ಒಂದು ಸಲಕ್ಕೆ ಒಂದೇ ಬದಲಾವಣೆ. ಅದು ನಮ್ಮ ಕೆಲಸದ ನಿಯಮವೂ ಹೌದು. ವೇಗ ಸರಿಯಾಗಿದೆಯಾ ಅಂತ ಹೇಗೆ ತಿಳಿಯೋದು?

ಅವರು: ಗಂಟೆಗೆ 130 ಕಿ.ಮೀ. ಅನ್ನೋದು ನಿನ್ನ ಹಳಿಯ ಮೇಲೆ ಸೆಕೆಂಡಿಗೆ ಸುಮಾರು 41 ಸೆಂ.ಮೀ. ಈ ಎಂಟಡಿ ಹಲಗೆ ದಾಟೋಕೆ ಆರು ಸೆಕೆಂಡಿನ ಹತ್ತಿರ ಬೇಕು. ಆದರೆ ನಿಜವಾದ ಪರೀಕ್ಷೆ ಇರೋದು ನಿಧಾನದಲ್ಲಿ. ಗಾಲಿಯ ತಿರುಗಾಟ ಕಣ್ಣಿಗೆ ಎಣಿಸಬಹುದಾದಷ್ಟು ಮೆಲ್ಲಗೆ, ಜರ್ಕ್ ಇಲ್ಲದೆ ಹೊರಟು, ಹಾಗೇ ನಿಲ್ಲುವ ಇಂಜಿನ್ ಒಳ್ಳೆಯದು. ವೇಗದಲ್ಲಿ ಎಷ್ಟೋ ದೋಷ ಮುಚ್ಚಿಹೋಗುತ್ತೆ.

ಅವಳು: ಹಳೆಯ ಮಾದರಿಗಳ ಒಳಗಿನ ಚೌಕಟ್ಟು ತಾನಾಗೇ ಉಬ್ಬಿ ಬಿರಿಯುತ್ತಂತಲ್ಲ, ಹೊಸದರಲ್ಲೂ ಆ ಭಯ ಇದೆಯಾ?

ಅವರು: ಇದೆ. ಆ ಚೌಕಟ್ಟು ಸತುವಿನ ಎರಕ; ಸುಮಾರು ಶೇ. 4 ಅಲ್ಯೂಮಿನಿಯಂ ಸೇರಿಸಿದ ಜಾಮಕ್ ಅನ್ನೋ ಮಿಶ್ರಲೋಹ. 1929ರಲ್ಲಿ ಅಮೆರಿಕದ ನ್ಯೂಜೆರ್ಸಿ ಜಿಂಕ್ ಕಂಪನಿ ಅದನ್ನು ರೂಪಿಸಿದ್ದೇ ಶುದ್ಧ ಸತು ಬಳಸಿದರೆ ಬಿರುಕು ಬಿಡಲ್ಲ ಅನ್ನೋ ಅರಿವಿನ ಮೇಲೆ. ಕರಗಿಸುವಾಗ ಚೂರು ಸೀಸ ಬೆರೆತರೂ ವರ್ಷಗಳ ಮೇಲೆ ಲೋಹದ ಕಣಗಳ ಸಂದಿನಲ್ಲಿ ತುಕ್ಕು ನುಗ್ಗಿ ಉಬ್ಬುತ್ತೆ, ಕೊನೆಗೆ ಪುಡಿಯಾಗುತ್ತೆ. ಬಿಸಿ ಮತ್ತು ತೇವ ಅದನ್ನು ಬೇಗ ಮಾಡಿಸುತ್ತವೆ. 2000ರ ದಶಕದ ಕೆಲವು ಮಾದರಿಗಳಲ್ಲೂ ಇದು ಕಾಣಿಸಿತು. ಔಷಧಿ ಇಲ್ಲ, ಹೊಸ ಚೌಕಟ್ಟೇ ಬೇಕು. ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡು, ವರ್ಷಕ್ಕೊಂದು ಸಲ ಉದ್ದ ಅಳೆದು ಬರೆದಿಡು. ಆದರೆ ಇದರ ಹೊಣೆ ಪೂರ್ತಿ ತಯಾರಕರದ್ದು. ಎರಕದ ಮನೆಯಲ್ಲಿ ಲೋಹದ ಶುದ್ಧತೆ ಕಾಯೋದು ಗಿರಾಕಿಯ ಕೈಲಿಲ್ಲ.

ಅವಳು: ಮುರಿದ ಕೈಗಂಬಿ?

ಅವರು: ಅದನ್ನು ಇಬ್ಬರೂ ಯೋಚಿಸಬೇಕು. ಡಬ್ಬಿಯೊಳಗೇ ಮುರಿದಿದ್ದು ಪ್ಯಾಕಿಂಗಿನ ತಪ್ಪು. ಫೋಮು ಚೌಕಟ್ಟನ್ನು ಹಿಡಿಯಬೇಕು, ಕೈಗಂಬಿಯನ್ನು ಒತ್ತಬಾರದು. ಆದರೆ ನೀನು ಈಗ ತೋರಿಸೋವಾಗ ಹೇಗೆ ಎತ್ತಿದೆ ಅಂತ ನೋಡಿದೆ: ಮೇಲಿನಿಂದ, ಎರಡು ಬೆರಳಲ್ಲಿ, ಪಕ್ಕದ ಕಂಬಿಗಳ ಮೇಲೇ. ತಳದ ಟ್ಯಾಂಕಿನ ಎರಡು ಪಕ್ಕ ಹಿಡಿದು ಎತ್ತಬೇಕು. ಆ ಜಾಗದಲ್ಲಿ ಮುರಿಯುವಂಥದ್ದು ಇರಲ್ಲ. ಕೈ ತೊಳೆದು ಒರೆಸಿಕೋ. ಬೆವರಿನ ಉಪ್ಪು ಲೋಹವನ್ನು ಮಂಕು ಮಾಡುತ್ತೆ. ಡಬ್ಬಿಯಿಂದ ಎಳೆಯಬೇಡ, ಪ್ಲಾಸ್ಟಿಕ್ ಹೊದಿಕೆಯ ಸಮೇತ ಹೊರಗೆ ತೆಗೆದು ಆಮೇಲೆ ಬಿಡಿಸು. ಆ ಡಬ್ಬಿಯನ್ನೂ ಜೋಪಾನವಾಗಿಡು.

ಅವಳು: ಮಗನಿಗೆ ಏಳು ವರ್ಷ. ಡಬ್ಬಿ ಮೇಲೆ 14 ವರ್ಷ ಮೇಲ್ಪಟ್ಟವರಿಗೆ ಅಂತಿದೆ. ಮುಟ್ಟಬೇಡ ಅಂತ ದೂರ ಇಡೋದಕ್ಕೂ ಮನಸ್ಸಿಲ್ಲ.

ಅವರು: ಕೈ ತುಂಬ ಹಿಡಿದು ಆಡೋಕೆ ಚನ್ನಪಟ್ಟಣದ ಮರದ ರೈಲು ಕೊಡು. ಆಲೆ ಮರ, ಅರಗಿನ ಬಣ್ಣ. ಅದು ಎಳೆಸಿಕೊಳ್ಳೋಕೆ, ಬೀಳೋಕೆ ಅಂತಲೇ ಆಗಿರೋದು. ಇದನ್ನು ಅವನು ನಿನ್ನ ಪಕ್ಕ ಕೂತು ನೋಡಲಿ. ಭೂತಗನ್ನಡಿ ಅವನ ಕೈಲಿ ಕೊಡು, ಟಿಕ್ ಎಲ್ಲಿಂದ ಬರುತ್ತೆ ಅಂತ ಅವನೇ ಹುಡುಕಲಿ. ಸೂಕ್ಷ್ಮವಾದ ವಸ್ತುವನ್ನು ಹೇಗೆ ಹಿಡಿಯಬೇಕು ಅಂತ ಏಳನೇ ವಯಸ್ಸಿನಲ್ಲಿ ಕಲಿತ ಕೈ ಮುಂದೆ ಯಾವ ಯಂತ್ರವನ್ನೂ ಒರಟಾಗಿ ಮುಟ್ಟಲ್ಲ.

ಅವಳು: ಹಾಗಾದರೆ ಲೆಕ್ಕ ಸ್ಪಷ್ಟವಾಯಿತು. ಗೇರು ತಯಾರಕರದ್ದು, ವಾಪಸ್. ಕೊಳೆ ನನ್ನದು, ಒರೆಸುತ್ತೇನೆ. ಕೈಗಂಬಿ ಪ್ಯಾಕಿಂಗಿನದ್ದು, ಅದನ್ನೂ ಬರೆಯುತ್ತೇನೆ. ಆದರೂ ನನ್ನ ಮೊದಲ ಮಾತು ಬಿಡಲ್ಲ ಅಂಕಲ್: ಈ ತಪಾಸಣೆ ನಾನು ಮಾಡಬೇಕಾಗಿ ಬಂದಿದ್ದು ಸರಿಯಲ್ಲ.

ಅವರು: ಬಿಡಲೇಬೇಡ. ನಮ್ಮ ಗಡಿಯಾರ ಕೊಂಡವರು ಹಿಂದಿನ ಮುಚ್ಚಳ ತೆಗೆದು ಗೇರು ಎಣಿಸುತ್ತಿರಲಿಲ್ಲ. ಅಂಗಡಿಯಲ್ಲೇ ಕೈಗೆ ಕಟ್ಟಿಕೊಂಡು ಬಸ್ ಹತ್ತುತ್ತಿದ್ದರು. ಆ ನಿಶ್ಚಿಂತೆಯನ್ನು ಗಿರಾಕಿಗೆ ಕೊಡೋದೇ ತಯಾರಕರ ಮರ್ಯಾದೆ. ಈಗ ಅದು ಕೈತಪ್ಪಿದೆ. ನೀನು ಸುಮ್ಮನೆ ಅಂಟು ಹಾಕಿ ಓಡಿಸಿಕೊಂಡರೆ ಮುಂದಿನ ಸಾವಿರ ಇಂಜಿನ್ನಿಗೂ ಅದೇ ಗೇರು ಬರುತ್ತೆ. ಫೋಟೋ, ಟಿಕ್‌ಗಳ ನಡುವಿನ ಅಂತರ, ಗಾಲಿಯ ವ್ಯಾಸ ಎಲ್ಲ ಸೇರಿಸಿ ಬರೆ. ‘ಸರಿ ಇಲ್ಲ’ ಅಂತ ಬರೆದ ಪತ್ರವನ್ನು ಅಂಗಡಿಯವರು ಪಕ್ಕಕ್ಕೆ ಇಡಬಹುದು. ‘ಎರಡನೇ ಬೋಗಿಯ ಕೊನೆಯ ಗೇರಿನಲ್ಲಿ ಸೀಳು’ ಅಂತ ಬರೆದದ್ದು ವಿನ್ಯಾಸ ಮಾಡಿದವರ ಮೇಜಿನವರೆಗೆ ಹೋಗಲೇಬೇಕು. ಆ ಅಚ್ಚಿನ ವ್ಯಾಸವನ್ನು ಒಂದು ಕೂದಲೆಳೆ ಕಡಿಮೆ ಮಾಡಿ ಅಂತಲೂ ಸೇರಿಸು.